ಮಾಂಟೆನೆಗ್ರೊದಿಂದ ತಂದ ಗಸಗಸೆ

ಬರುವ ರಜೆಗೆ ನೀವಿಬ್ಬರೂ ಮಾಂಟೆನೆಗ್ರೊ ನೋಡಲು ಹೋಗುತ್ತೀರೆಂದು ನಿಮ್ಮವ್ವ ಅಬುಧಾಬಿಯಿಂದ ಫೋನ್ ಮಾಡಿ ಹೇಳಿದಳು. ನಮ್ಮ ಮನೆತನದಲ್ಲಿ ಆ ದೇಶಕ್ಕೆ ಕಾಲಿಟ್ಟವರು ನಿಮ್ಮಜ್ಜ ಮತ್ತು ನಾನು ಇಬ್ಬರೇ. ಅಜ್ಜ ಈಗಿಲ್ಲ. ಹಾಗಾಗಿ ಏನು ಒಯ್ಯಬೇಕು, ಏನು ಬಿಡಬೇಕು, ಅಲ್ಲಿ ಹೇಗಿರಬೇಕು ಎಂದು ನನ್ನನ್ನು ಕೇಳಿದ್ದೀರಿ. ಬಾಯಿಂದ ಹೇಳಲು ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು. ನಾಲ್ಕು ಜನ ಕೂತಲ್ಲಿಂದ ಎದ್ದು ಅಡಿಗೆಮನೆಗೆ ಹೋಗುವವಳು ನಾನು. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿ ಉಳಿದಿದೆ, ಅದರಿಂದ ಬರೆಯುತ್ತೇನೆ.

ಮೊದಲೇ ಹೇಳುತ್ತೇನೆ, ಆ ದೇಶದ ಮೇಲೆ ನನಗೆ ಪ್ರೀತಿಯಿಲ್ಲ. ಅದಕ್ಕಿಂತ ಹೆಚ್ಚಿನ ಸಿಟ್ಟು ಆಗ ನಾವಿದ್ದ ದುಬೈಯ ದೇರಾದ ಮನೆಯ ಮೇಲೆ, ಆ ಮನೆಯಲ್ಲಿದ್ದ ಒಬ್ಬಳ ಮೇಲೆ. ಮಾಂಟೆನೆಗ್ರೊದಿಂದ ದುಬೈಗೆ ಮರಳುವಾಗ ನನ್ನ ಕೈಚೀಲದಲ್ಲಿ ಕಾಲು ಕಿಲೋ ಗಸಗಸೆ ಇತ್ತು. ನಮ್ಮ ಕಡೆ ಅದು ಹಬ್ಬದ ಸಾಮಾನು. ದುಬೈಯಲ್ಲಿ ಅದು ಅಫೀಮಿನ ಗಿಡದ ಬೀಜ. ಮಾದಕ ಪದಾರ್ಥಗಳ ಜೊತೆಗೆ ಅದನ್ನೂ ಸೇರಿಸಿದ್ದಾರೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಜೈಲು, ಅದೂ ವರ್ಷಗಟ್ಟಲೆ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಹೇಳಲಿಲ್ಲ.

ಆಗ ನಿಮ್ಮವ್ವನಿಗೆ ಹತ್ತು ವರ್ಷ. ದೇರಾದ ಮೀನು ಮಾರುಕಟ್ಟೆಯಿಂದ ಹತ್ತು ನಿಮಿಷ ನಡೆದರೆ ನಮ್ಮ ಕಟ್ಟಡ. ಎರಡು ಬೆಡ್‌ರೂಮಿನ ಫ್ಲಾಟು, ಅದರಲ್ಲಿ ಎರಡು ಸಂಸಾರ. ಒಂದು ಕೋಣೆ ನಿಮ್ಮಜ್ಜನ ಅಣ್ಣ ಮತ್ತು ಅವರ ಹೆಂಡತಿಗೆ, ಇನ್ನೊಂದು ನಮಗೆ. ಅವರ ಮಗ ಊರಲ್ಲಿ ಕಾಲೇಜು ಓದುತ್ತಿದ್ದ. ಭಾವನವರು ಹಡಗಿನ ಸಾಮಾನಿನ ಆಫೀಸಿಗೆ ಹೋಗುತ್ತಿದ್ದರು, ಮಾತು ಕಡಿಮೆ. ನನ್ನ ನೆಗೆಣ್ಣಿ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸದಲ್ಲಿದ್ದಳು. ಆಕೆ ಹುಬ್ಬಳ್ಳಿಯಲ್ಲಿ ಬಿ.ಎ. ಓದಿದವಳು. ನಾನು ಮನೆಯಲ್ಲಿರುವವಳು. ಹಾಗಾಗಿ ಅಡಿಗೆ ನನ್ನದು, ಇಂಗ್ಲಿಷು ಆಕೆಯದು ಎಂದು ಯಾರೂ ಹೇಳದೆಯೇ ಪಾಲಾಗಿತ್ತು.

ಒಂದು ಶುಕ್ರವಾರ ಆಕೆಯ ಕ್ಲಿನಿಕ್ಕಿನ ಹೆಂಗಸರು ಊಟಕ್ಕೆ ಬಂದರು. ನಾನು ಬೆಳಿಗ್ಗೆ ಆರರಿಂದ ನಿಂತು ಹೋಳಿಗೆ ಮಾಡಿದ್ದೆ. ತಟ್ಟೆ ಹಿಡಿದು ಹೊರಗೆ ಹೋದಾಗ ಅವರಲ್ಲೊಬ್ಬಳು, ಇವರು ಯಾರು ಎಂದು ಕೇಳಿದಳು. ನೆಗೆಣ್ಣಿ ನಗುತ್ತ, "ಈಕಿ ನಮ್ಮ ಕಿಚನ್ ಡಿಪಾರ್ಟ್‌ಮೆಂಟ್. ಮಾತಾಡಸಬ್ಯಾಡ್ರಿ, ಓಡಿಹೋಗ್ತಾಳ" ಎಂದಳು. ಎಲ್ಲರೂ ನಕ್ಕರು. ನಾನು ತಟ್ಟೆ ಇಟ್ಟು ಕೋಣೆಗೆ ಹೋದೆ, ಆಕೆ ಹೇಳಿದ ಹಾಗೆಯೇ. ಅವತ್ತಿನಿಂದ ನಾನು ಆಕೆಯೊಡನೆ ಮಾತು ಬಿಟ್ಟೆ. ಜಗಳವಾಡಲು ಬಾರದವರಿಗೆ ಇರುವುದು ಅದೊಂದೇ ದಾರಿ. ಆಕೆಯೂ ಬಿಟ್ಟಳು.

ಆದರೆ ಒಂದೇ ಅಡಿಗೆಮನೆ, ಒಂದೇ ಫ್ರಿಜ್ಜು, ಒಂದೇ ಬಚ್ಚಲು. ಏನಾದರೂ ಹೇಳಬೇಕಾದರೆ ಆಕೆ ಇಂಗ್ಲಿಷಿನಲ್ಲಿ ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದಳು. ನಾನು ಕನ್ನಡ ಓದಬಲ್ಲೆ, ಆಕೆ ಬರೆಯಬಲ್ಲಳು. ಆದರೂ ಇಂಗ್ಲಿಷು. ಶಾಲೆಯಿಂದ ಬಂದ ನಿಮ್ಮವ್ವ ಚೀಲ ಇಳಿಸುವ ಮೊದಲು ಅದನ್ನು ಓದಿ ಹೇಳಬೇಕು. ಗ್ಯಾಸ್ ಮುಗಿದಿದೆ, ಬೆಳ್ಳುಳ್ಳಿ ವಾಸನೆ ಕೋಣೆಗೆ ಬರುತ್ತಿದೆ, ಒಗೆಯುವ ಯಂತ್ರವನ್ನು ಖಾಲಿ ಮಾಡಿ. ಹೀಗೆ ಎಂಟು ತಿಂಗಳು ನಡೆಯಿತು.

ಆ ವರ್ಷ ನಿಮ್ಮಜ್ಜ ಮಾಂಟೆನೆಗ್ರೊದಲ್ಲಿದ್ದರು. ದುಬೈಯ ಒಂದು ಕಂಪನಿ ಅಲ್ಲಿ ಸಮುದ್ರದ ದಂಡೆಗೆ ಹೋಟೆಲು ಕಟ್ಟುತ್ತಿತ್ತು, ಅಜ್ಜ ಸರ್ವೇ ಮಾಡಲು ಹೋಗಿ ನಾಲ್ಕು ತಿಂಗಳಾಗಿತ್ತು. ಕಂಪನಿ ಹೆಂಡತಿಗೆ ಒಂದು ಟಿಕೇಟು ಕೊಡುತ್ತದೆ, ಬಳಸದಿದ್ದರೆ ಹೋಯಿತು. ವೀಸಾದ ಕಾಗದವನ್ನೂ ಅವರೇ ತರಿಸಿದರು. ನಿಮ್ಮವ್ವನಿಗೆ ಶಾಲೆ. ಆಕೆಯನ್ನು ಹನ್ನೆರಡು ದಿನ ಭಾವನವರ ಮೇಲೆ ಭಾರ ಹಾಕಿ ಹೊರಡುವುದೆಂದಾಯಿತು.

ಹೊರಡುವ ಮುಂಚಿನ ದಿನ ಫ್ರಿಜ್ಜಿನ ಮೇಲೆ ಉದ್ದ ಚೀಟಿ ಬಂತು. ನೆಗೆಣ್ಣಿ ಒಮ್ಮೆ ಯುರೋಪು ನೋಡಿ ಬಂದಿದ್ದಳು, ಅದರ ಪಾಂಡಿತ್ಯ. ನಿಮ್ಮವ್ವ ಕುರ್ಚಿಯ ಮೇಲೆ ನಿಂತು ಓದಿದಳು: "ಡೋಂಟ್ ವೇರ್ ಸ್ಯಾರಿ ಎವ್ರಿ ಡೇ. ಡೋಂಟ್ ಈಟ್ ವಿತ್ ಹ್ಯಾಂಡ್ಸ್. ಡೋಂಟ್ ಕ್ಯಾರಿ ಪಿಕಲ್. ಟಾಯ್ಲೆಟ್ಟಿನಲ್ಲಿ ನೀರು ಚೆಲ್ಲಬಾರದು ಅಂತ. ಗಟ್ಟಿಯಾಗಿ ತೇಗಬಾರದು ಅಂತ. ಅವ್ವಾ, ತೇಗೋದು ಅಂದ್ರ ಬರ್ಪ್ ಅಲ್ಲ?" ಹತ್ತೊಂಬತ್ತು ಮಾತುಗಳಿದ್ದವು. ಮಗುವಿನ ಬಾಯಿಂದ ಅದನ್ನು ಓದಿಸಿದ್ದಳಲ್ಲ, ಅದು ನನಗೆ ಇನ್ನೂ ಚುಚ್ಚುತ್ತದೆ. ಹತ್ತೊಂಬತ್ತರಲ್ಲಿ ಒಂದೂ ನನ್ನ ಉಪಯೋಗಕ್ಕೆ ಬರಲಿಲ್ಲ. ಈಗ ಉಪಯೋಗಕ್ಕೆ ಬರುವುದನ್ನು ನಾನು ಹೇಳುತ್ತೇನೆ.

ಪ್ಲಗ್ಗು ಬೇರೆ. ದುಬೈ, ಅಬುಧಾಬಿಯ ಮೂರು ಚೌಕ ಕಡ್ಡಿಯದು ಅಲ್ಲಿ ಗೋಡೆಗೆ ಹೋಗುವುದಿಲ್ಲ, ಎರಡು ದುಂಡು ಕಡ್ಡಿಯದು ಬೇಕು. ನಾನು ಒಯ್ದ ಮಿಕ್ಸಿ ಹನ್ನೆರಡು ದಿನ ಪೆಟ್ಟಿಗೆಯಲ್ಲೇ ಕೂತಿತ್ತು. ಚಪ್ಪಲಿಯ ವಿಷಯ ನೆನಪಿಡಿ. ಕೊಟೊರ್ ಎಂಬ ಹಳೆಯ ಕೋಟೆಯ ಊರಿಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗುತ್ತೀರಿ. ಅಲ್ಲಿ ಬೀದಿಗೆ ಹಾಸಿದ ಕಲ್ಲು ನೂರಾರು ವರ್ಷ ಜನ ನಡೆದು ನುಣುಪಾಗಿ, ತುಪ್ಪ ಸವರಿದ ಹಾಗಿದೆ. ಒಂದು ಮಳೆ ಬಿದ್ದರೆ ಸಾಕು. ನಾನು ಬಿದ್ದೆ. ಸುತ್ತ ಕೂತು ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡಿದರು, ಸಿಗರೇಟು ಸೇದುತ್ತ ಮತ್ತೆ ಕಾಫಿ ಕುಡಿದರು. ಮೊಣಕಾಲು ಹಿಡಿದುಕೊಂಡು ನಾನೇ ಎದ್ದೆ. ರಬ್ಬರ್ ಅಡಿಯ ಬೂಟು ಹಾಕಿಕೊಳ್ಳಿ. ಕೋಟೆಯ ಮೆಟ್ಟಿಲು ಸಾವಿರಕ್ಕೂ ಹೆಚ್ಚಿವೆ. ಹತ್ತುವುದಾದರೆ ಬಿಸಿಲೇರುವ ಮುಂಚೆ ಹತ್ತಿ, ನೀರು ಕೆಳಗಿನಿಂದಲೇ ಒಯ್ಯಿರಿ. ನಲ್ಲಿಯ ನೀರು ಕುಡಿಯಬಹುದು, ದುಬೈಯ ಹಾಗೆ ಬಾಟಲಿ ಹೊರಬೇಕಿಲ್ಲ.

ಅಲ್ಲಿಯ ಜನ ನಗುವುದಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲೂ ಇಲ್ಲ. ನಾನು ಅದನ್ನು ಸೀರೆಯ ಮೇಲಿನ ಸಿಟ್ಟು ಅಂದುಕೊಂಡಿದ್ದೆ. ನಿಮ್ಮಜ್ಜ, "ಅವರ ಮಾರೀನ ಹಂಗ. ನಿನ್ನ ಮಾರಿ ನೋಡಿ ಅವರೂ ಹಂಗ ಅಂದ್ಕೊಂಡಿರ್ತಾರ" ಎಂದರು. ಬಸ್ಸಿನಲ್ಲಿ ದೊಡ್ಡ ಚೀಲವನ್ನು ಕೆಳಗಿನ ಗೂಡಿಗೆ ಹಾಕಿದರೆ ಡ್ರೈವರು ಅದಕ್ಕೆ ಬೇರೆ ದುಡ್ಡು ಕೇಳುತ್ತಾನೆ. ಅದು ಮೋಸವಲ್ಲ, ಪದ್ಧತಿ. ಚಿಲ್ಲರೆ ಕೈಯಲ್ಲಿರಲಿ. ರಸ್ತೆಗಳೆಲ್ಲ ಬೆಟ್ಟಕ್ಕೆ ಸುತ್ತಿಕೊಂಡಿವೆ, ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಬಂಡೆ. ಹೊಟ್ಟೆ ತುಂಬ ತಿಂದು ಹತ್ತಬೇಡಿ.

ಯಾರದಾದರೂ ಮನೆಯಲ್ಲಿ ಕೋಣೆ ಹಿಡಿದರೆ ಮೊದಲ ದಿನವೇ ನಿಮ್ಮ ಹೆಸರನ್ನು ಪೊಲೀಸಿಗೆ ಬರೆಸಿ ಒಂದು ಬಿಳಿ ಚೀಟಿ ತರಿಸಿಕೊಳ್ಳಿ. ನಮ್ಮ ಕೋಣೆಯ ಒಡತಿ ಒಬ್ಬ ಮುದುಕಿ. ಬೆಳಿಗ್ಗೆ ಹತ್ತಕ್ಕೆ ಹಣ್ಣಿನ ಸಾರಾಯಿಯ ಸಣ್ಣ ಲೋಟ ಹಿಡಿದು ಬಾಗಿಲಿಗೆ ಬರುವಳು. ಬೇಡವೆಂದರೆ ಮುಖ ಊದಿಸುವಳು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಬೇಕು, ಆಗ ಬಿಡುತ್ತಾರೆ, ಇದನ್ನು ನಾಲ್ಕನೇ ದಿನ ಕಲಿತೆ. ಬಿಳಿ ಚೀಟಿಯನ್ನು ಮಾತ್ರ ನಾಳೆ ನಾಳೆ ಎಂದು ತಳ್ಳಿದಳು. ಅಜ್ಜ ಹೋಗಿ ಗದರಿಸಿದ ಮೇಲೆ ತಂದಳು. ಅದಿಲ್ಲದಿದ್ದರೆ ಹೊರಡುವ ದಿನ ದಂಡ.

ಊಟದ್ದು ದೊಡ್ಡ ಕಷ್ಟ. ನಾವು ಮೊಟ್ಟೆಯನ್ನೂ ಮುಟ್ಟದವರು. ಅಲ್ಲಿ ಮಾಂಸವಿಲ್ಲದ ಊಟಕ್ಕೆ "ಪೊಸ್ನೊ" ಅನ್ನಬೇಕು, ಅದು ಅವರ ಉಪವಾಸದ ಅಡಿಗೆಯ ಹೆಸರು ಎಂದು ಸೈಟಿನವರು ಅಜ್ಜನಿಗೆ ಹೇಳಿಕೊಟ್ಟಿದ್ದರು. ನಾನು ಧೈರ್ಯ ಮಾಡಿ ಹೋಟೆಲಿನಲ್ಲಿ ಪೊಸ್ನೊ ಅಂದೆ. ಜೀವಮಾನದಲ್ಲಿ ಪರಭಾಷೆಯಲ್ಲಿ ನಾನು ಕೇಳಿದ ಮೊದಲ ಊಟ. ಇಡೀ ಮೀನು ತಂದಿಟ್ಟರು, ಕಣ್ಣು ಸಮೇತ. ಅವರ ಉಪವಾಸಕ್ಕೆ ಮೀನು ನಡೆಯುತ್ತದಂತೆ. ನೀವು ಪೊಸ್ನೊ ಅಂದಮೇಲೆ ಮೀನೂ ಬೇಡವೆಂದು ಕೈಸನ್ನೆಯಲ್ಲಾದರೂ ಹೇಳಿ. ಬಟಾಟೆ ಹಾಕಿದ ಸೊಪ್ಪಿನ ಪಲ್ಯ ಸಿಗುತ್ತದೆ, ಬೀನ್ಸ್ ಕಾಳಿನ ಸಾರು ಸಿಗುತ್ತದೆ, ಕೆಂಪು ಮೆಣಸಿನಕಾಯಿ ಸುಟ್ಟು ಅರೆದ ಚಟ್ನಿ ಸಿಗುತ್ತದೆ. ರೊಟ್ಟಿ ಚೆನ್ನಾಗಿರುತ್ತದೆ. ಬದುಕಬಹುದು.

ಕೋಟೆಯ ಗೋಡೆಗೆ ಒರಗಿದ ಹಾಗೆ ಸಂತೆ ಕೂಡುತ್ತದೆ. ಹೊರಡಲು ಮೂರು ದಿನವಿದ್ದಾಗ ಅಲ್ಲಿಗೆ ಹೋದೆ. ಅಂಜೂರದ ಹಾರ, ಚೀಸು, ಜೇನು ಮಾರುವ ಹೆಂಗಸರ ನಡುವೆ ಒಬ್ಬಳ ಮುಂದೆ ಬಟ್ಟೆಯ ಚೀಲದಲ್ಲಿ ಸಣ್ಣ ಕಾಳಿನ ರಾಶಿ ಕಂಡಿತು. ನಮ್ಮದು ಬೆಳ್ಳಗಿರುತ್ತದೆ, ಇದು ನೀಲಿಗಪ್ಪು. ಬಗ್ಗಿ ಎರಡು ಬೆರಳಲ್ಲಿ ತಿಕ್ಕಿದೆ, ಹಲ್ಲಿನಲ್ಲಿ ಕಡಿದೆ. ಗಸಗಸೆ. ಆ ಹೆಂಗಸು ಅದನ್ನೇ ತುಂಬಿ ಸುತ್ತಿದ ರೊಟ್ಟಿಯ ಚೂರೊಂದನ್ನು ನನ್ನ ಕೈಗಿಟ್ಟಳು.

ನನ್ನ ಆಸೆ ನಿಮಗೆ ತಿಳಿಯಬೇಕಾದರೆ ಅನಾರಸ ಗೊತ್ತಿರಬೇಕು. ದೀಪಾವಳಿಗೆ ನಮ್ಮ ಕಡೆ ಅಕ್ಕಿ ಹಿಟ್ಟು, ಬೆಲ್ಲ ಕಲಸಿ, ಗಸಗಸೆಯ ಮೇಲೆ ತಟ್ಟಿ, ಒಂದೇ ಮಗ್ಗುಲು ಕರಿಯುವುದು. ಗಸಗಸೆಯಿಲ್ಲದೆ ಮಾಡಿದರೆ ಅದು ಸಿಹಿ ಪೂರಿ. ದುಬೈಗೆ ಬಂದಾಗಿನಿಂದ ನಾನು ಸಿಹಿ ಪೂರಿಯನ್ನೇ ಮಾಡುತ್ತಿದ್ದೆ. ಬಂದ ಹೊಸತರಲ್ಲಿ ದೇರಾದ ನೈಫ್ ಪೇಟೆಯ ಮೂರು ಅಂಗಡಿಗಳಲ್ಲಿ ಕೇಳಿದ್ದೆ. ಇಬ್ಬರು ತಲೆ ಅಲ್ಲಾಡಿಸಿದರು. ಮೂರನೆಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಖಸ್‌ಖಸ್ ಮಾಫಿ. ಮಾಫಿ. ಯಲ್ಲಾ" ಎಂದು ಕೈ ಬೀಸಿ ಹೊರಗೆ ಕಳಿಸಿದ. ಇಲ್ಲ, ನಡೆ ಎಂದು. ಏಕೆ ಇಲ್ಲವೆಂದು ಕೇಳುವ ಹೆಣ್ಣು ನಾನಾಗಿರಲಿಲ್ಲ. ಸರಕು ಬಂದಿಲ್ಲ, ನನ್ನ ಮುಖ ಅವನಿಗೆ ಹಿಡಿಸಲಿಲ್ಲ, ಅಷ್ಟೇ ಎಂದುಕೊಂಡು ಮನೆಗೆ ಬಂದೆ. ಹತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಮಾತಾಡುವ ನೆರೆಹೊರೆ ಇದ್ದಿದ್ದರೆ ಯಾರಾದರೂ ಹೇಳುತ್ತಿದ್ದರು. ನಿಮ್ಮಜ್ಜನಿಗಾದರೂ ಗೊತ್ತಿರಬೇಕಿತ್ತು ಅನ್ನುತ್ತೀರಿ. ಆ ಮನುಷ್ಯನಿಗೆ ಜೀರಿಗೆ ಯಾವುದು ಸೋಂಪು ಯಾವುದು ಎಂದೇ ಗೊತ್ತಿರಲಿಲ್ಲ. ಪೊಟ್ಟಣ ತೋರಿಸಿದೆ. "ರಾಗಿ ಏನು?" ಎಂದರು.

ಕಾಲು ಕಿಲೋ ಕಟ್ಟಿಸಿಕೊಂಡೆ. ಅವತ್ತೇ ಕಾರ್ಡು ಹಾಕುವ ಫೋನಿನಿಂದ ದೇರಾಕ್ಕೆ ಮಾತಾಡಿದೆ. ನಿಮ್ಮವ್ವ ಎತ್ತಿಕೊಂಡಳು. "ಈ ಸರ್ತಿ ದೀಪಾವಳಿಗೆ ಖರೇ ಅನಾರಸ ಮಾಡ್ತೀನಿ, ಗಸಗಸಿ ಸಿಕ್ಕೈತಿ, ಕೈಚೀಲದಾಗ ಹಿಡಕೊಂಡು ಬರ್ತೀನಿ" ಎಂದೆ. ಆಕೆ, "ವಾಟ್ ಈಸ್ ಗಸಗಸಿ?" ಎಂದಳು. ಕಾರ್ಡು ಮುಗಿಯಿತು.

ಬರುವಾಗ ನಾನೊಬ್ಬಳೇ. ಅಜ್ಜನ ಕೆಲಸ ಇನ್ನೂ ಇತ್ತು. ಇಸ್ತಾಂಬುಲಿನಲ್ಲಿ ವಿಮಾನ ಬದಲಿಸಬೇಕು, ಯಾವ ಗೇಟು ಎಂದು ಅಜ್ಜ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದರು, ಅದನ್ನು ಕಂಡವರಿಗೆಲ್ಲ ತೋರಿಸಿ ಹತ್ತಿದೆ. ಪಕ್ಕದ ಸೀಟಿನಲ್ಲಿ ಕೂತವರು ಉಡುಪಿ ಕಡೆಯ ಹೆಂಗಸು, ನನಗಿಂತ ಹಿರಿಯರು. ಅವರು ಫೋನಿನಲ್ಲಿ ಆಡುತ್ತಿದ್ದ ಕನ್ನಡ ಕೇಳಿ ಜೀವ ಬಂತು. ಹನ್ನೆರಡು ದಿನದ ಮಾತು ಒಟ್ಟಾಗಿ ಬಾಯಿಗೆ ಬಂದ ಹಾಗೆ ನಾನೇ ಮೊದಲು ಮಾತಾಡಿಸಿದೆ. ಊರು, ಮಕ್ಕಳು, ಅಡಿಗೆ. ಏನು ತಂದಿರಿ ಎಂದು ಅವರು ಕೇಳಿದರು. ಅಂಜೂರ, ಮೆಣಸಿನಕಾಯಿ ಚಟ್ನಿ, ಸ್ವಲ್ಪ ಗಸಗಸೆ ಎಂದೆ.

ಅವರು ತಿನ್ನುತ್ತಿದ್ದ ಬನ್ನು ಕೆಳಗಿಟ್ಟರು.

"ಗಸಗಸೆಯಾ? ಎಲ್ಲಿ ಉಂಟು?"

ಕಾಲ ಹತ್ತಿರದ ಚೀಲ ತೋರಿಸಿದೆ.

"ನಿಮಗೆ ಮಂಡೆ ಸಮ ಉಂಟಾ? ಅದನ್ನು ಹಿಡ್ಕೊಂಡು ದುಬೈಯಲ್ಲಿ ಇಳೀತೀರಾ? ನಮ್ಮ ಕಡೆಯವರು ಒಬ್ರು ಮೀನಿನ ಮಸಾಲೆಯಲ್ಲಿ ತಂದು ಒಳಗೆ ಕೂತಿದ್ದಾರೆ. ಅದು ಅಫೀಮು ಅಲ್ವಾ ಮಾರಾಯ್ತಿ, ಅವರ ಲೆಕ್ಕದಲ್ಲಿ."

ನಾನು ನಕ್ಕೆ. ಚೇಷ್ಟೆ ಎಂದುಕೊಂಡೆ. ಅವರು ನಗಲಿಲ್ಲ. ತಮ್ಮ ಚೀಲವನ್ನು ನನ್ನ ಚೀಲದ ಪಕ್ಕದಿಂದ ಎತ್ತಿ ಆ ಕಡೆ ಇಟ್ಟುಕೊಂಡರು.

"ಏನ್ ಮಾಡ್ಲಿರೀ ಈಗ?" ಎಂದೆ.

"ನನ್ನ ಹತ್ರ ಕೇಳ್ಬೇಡಿ. ಮಾತೂ ಆಡ್ಬೇಡಿ ಇನ್ನು. ನಾವು ಒಟ್ಟಿಗೆ ಬಂದದ್ದು ಅಂತ ಎಣಿಸ್ತಾರೆ. ನನಗೆ ಮಗಳ ಬಾಣಂತನ ಉಂಟು."

ಆಮೇಲೆ ಅವರು ಕಣ್ಣು ಮುಚ್ಚಿದರು. ನಿದ್ದೆ ಬಂದಿರಲಿಲ್ಲ, ರೆಪ್ಪೆ ಅಲುಗುತ್ತಿತ್ತು. ನಿಮಗೆ ಅವರು ಕಲ್ಲೆದೆಯವರು ಅನ್ನಿಸಬಹುದು. ನನಗೂ ಅವತ್ತು ಹಾಗೇ ಅನ್ನಿಸಿತು. ಆದರೂ ಹೇಳಿದರಲ್ಲ.

ನಾನು ಜೈಲಿಗೆ ಹೋಗುವುದು ಒಂದು ಮಾತು. ನಿಮ್ಮವ್ವ ಹತ್ತು ವರ್ಷದ ಹುಡುಗಿ, ಅಪ್ಪ ಬೇರೆ ದೇಶದಲ್ಲಿ, ಅವ್ವ ದುಬೈ ಜೈಲಿನಲ್ಲಿ, ತಾನು ದೇರಾದಲ್ಲಿ ಆ ನೆಗೆಣ್ಣಿಯ ಕೈಯಲ್ಲಿ. ಫ್ರಿಜ್ಜಿನ ಚೀಟಿ ಓದಿಕೊಂಡು ಬೆಳೆಯುವುದು. ಇದೊಂದೇ ಕಣ್ಣಿಗೆ ಕಟ್ಟುತ್ತಿತ್ತು.

ಹೊರಗೆ ಬಿಸಿಲು, ಕೆಳಗೆ ಮರಳು. ಪರದೆಯ ಮೇಲೆ ಎರಡು ಗಂಟೆ ಉಳಿದಿದೆ ಎಂದು ತೋರಿಸುತ್ತಿತ್ತು. ವಿಮಾನದ ಹುಡುಗಿಗೆ ಹೇಳೋಣವೆಂದರೆ ಭಾಷೆಯಿಲ್ಲ. ಇದ್ದರೂ ಏನೆಂದು ಹೇಳುವುದು? ಚೀಲವನ್ನು ಸೀಟಿನ ಕೆಳಗೆ ಬಿಟ್ಟು ಇಳಿಯೋಣವೆಂದರೆ ಸೀಟಿನ ಸಂಖ್ಯೆ ನನ್ನ ಟಿಕೇಟಿನಲ್ಲಿದೆ. ಕೊನೆಗೆ ಪೊಟ್ಟಣವನ್ನು ಸೆರಗಿನೊಳಗೆ ಇಟ್ಟುಕೊಂಡು ಪಾಯಖಾನೆಗೆ ಹೋದೆ.

ಗಸಗಸೆಯನ್ನು ನೀವು ಮುಟ್ಟಿಲ್ಲ. ಅದು ಸಾಸಿವೆಯಂತೆ ಉರುಳುವುದಿಲ್ಲ, ಎಲ್ಲೆಂದರಲ್ಲಿ ಅಂಟುತ್ತದೆ. ಸುರಿದದ್ದು ಆ ಉಕ್ಕಿನ ಬೋಗುಣಿಗೆ ಮೆತ್ತಿಕೊಂಡಿತು. ಗುಂಡಿ ಒತ್ತಿದರೆ ದೊಡ್ಡ ಸಪ್ಪಳ, ಒಂದು ಹಿಡಿ ಹೋಗುವುದು, ಉಳಿದದ್ದು ಕಪ್ಪಗೆ ಕೂತಿರುವುದು. ಒದ್ದೆ ಕಾಗದದಿಂದ ಒರೆಸಿದೆ, ಮತ್ತೆ ಒತ್ತಿದೆ. ಹೊರಗಿನಿಂದ ಯಾರೋ ಬಾಗಿಲು ಬಡಿದರು. ಬೆವರಿದ ಕೈಗೆ ಬೀಜ, ಬಳೆಯ ಸಂದಿಗೆ ಬೀಜ, ನೆರಿಗೆಯಲ್ಲಿ ಬೀಜ. ಪೊಟ್ಟಣದ ಪ್ಲಾಸ್ಟಿಕ್ಕನ್ನು ತೊಳೆದು ತೊಳೆದು ಮಡಚಿ ಕಸದ ಕಿಂಡಿಗೆ ಹಾಕಿದೆ. ಬಳೆಗಳನ್ನು ಬಿಚ್ಚಿ ತೊಳೆದೆ. ಹಿತ್ತಾಳೆಯ ಪಿನ್ನಿನಿಂದ ಉಗುರ ಸಂದಿ ಕೆರೆದೆ. ಮತ್ತೆ ಬಡಿದರು. ಬಾಗಿಲು ತೆಗೆದಾಗ ನಿಂತಿದ್ದ ಗಂಡಸು ಮೂಗು ಮುಚ್ಚಿಕೊಂಡು ಏನೋ ಅಂದ. ಹಿಂದಿದ್ದವರು ನಕ್ಕರು. ನಾನು ತಲೆ ತಗ್ಗಿಸಿ ನಡೆದೆ. ಅಂಥ ನಗೆಯನ್ನು ಬೇರೆ ದಿನವಾದರೆ ವಾರಗಟ್ಟಲೆ ನೆನೆಯುತ್ತಿದ್ದೆ.

ದುಬೈಯಲ್ಲಿ ಇಳಿದವರ ಕೈಚೀಲಗಳನ್ನೂ ಯಂತ್ರದೊಳಗೆ ಹಾಯಿಸುತ್ತಾರೆ. ಉಡುಪಿಯ ಹೆಂಗಸು ನನಗಿಂತ ಬಹಳ ಮುಂದೆ ಹೋಗಿ ನಿಂತಿದ್ದರು, ಹಿಂತಿರುಗಿ ನೋಡಲಿಲ್ಲ. ನನ್ನ ಚೀಲ ಹೊರಬಂದಾಗ ಕಪ್ಪು ಅಬಾಯಾ ನಿಲುವಂಗಿಯ ಅಧಿಕಾರಿಣಿಯೊಬ್ಬಳು ಅದನ್ನು ಪಕ್ಕಕ್ಕೆ ಎಳೆದಳು. ತೆಗೆ ಎಂದು ಸನ್ನೆ ಮಾಡಿದಳು. ಬಿಳಿ ಕೈಗವಸಿನ ಕೈಯನ್ನು ಒಳಗೆ ಹಾಕಿದಳು. ಅಂಜೂರ ತೆಗೆದಳು. ಕೆಂಪು ಚಟ್ನಿಯ ಬಾಟಲಿ ತೆಗೆದು ಬೆಳಕಿಗೆ ಹಿಡಿದಳು, ಮುಚ್ಚಳ ತಿರುವಿ ಮೂಸಿದಳು. ನಾನು ಅವಳ ಮುಖ ನೋಡಲಿಲ್ಲ. ಆ ಬಿಳಿ ಕೈಗವಸನ್ನೇ ನೋಡುತ್ತಿದ್ದೆ, ಅದರ ಮೇಲೆ ಕಪ್ಪು ಚುಕ್ಕೆ ಅಂಟಿ ಬರುತ್ತದೆಯೇ ಎಂದು. ಪೊಟ್ಟಣದಿಂದ ಬೀಜ ಸೋರಿದ್ದರೆ ಎಂದು ಚೀಲದ ತಳದ ಹೊಲಿಗೆಯನ್ನು ನಾನು ಒರೆಸಿರಲಿಲ್ಲ. ಅದು ಅವಳು ಕೈ ಹಾಕಿದ ಮೇಲೆ ನೆನಪಾಯಿತು. ಅವಳು ಬಾಟಲಿಯನ್ನು ವಾಪಸು ಇಟ್ಟು, "ಯಲ್ಲಾ, ಯಲ್ಲಾ" ಎಂದು ಮುಂದಿನವನ ಕಡೆ ತಿರುಗಿದಳು. ಅದೇ ಶಬ್ದದಿಂದ ಅಂಗಡಿಯವನು ನನ್ನನ್ನು ಓಡಿಸಿದ್ದ.

ಭಾವನವರು ಕರೆದೊಯ್ಯಲು ಬಂದಿದ್ದರು. ಗಾಡಿಯಲ್ಲಿ ನಾನು ತುಟಿ ಬಿಚ್ಚಲಿಲ್ಲ, ಅವರಿಗೆ ಅದರಲ್ಲೇನೂ ಹೊಸತು ಕಾಣಲಿಲ್ಲ. ಕಟ್ಟಡದ ಕೆಳಗೆ ಇಳಿಸಿ ಆಫೀಸಿಗೆ ಮರಳಿದರು. ಮೇಲೆ ಹೋದರೆ ಬಾಗಿಲು ತೆಗೆದವಳು ನೆಗೆಣ್ಣಿ. ಕ್ಲಿನಿಕ್ಕಿಗೆ ಹೋಗಿರಲಿಲ್ಲ. ನನ್ನ ಮುಖವನ್ನಲ್ಲ, ಚೀಲವನ್ನು ನೋಡಿದಳು. ಅಷ್ಟರಲ್ಲೇ ನನಗೆ ತಿಳಿಯಿತು. ಶಾಲೆಯಿಂದ ಬಂದಿದ್ದ ನಿಮ್ಮವ್ವ ಓಡಿಬಂದು ಸೊಂಟ ಹಿಡಿದುಕೊಂಡು, "ಅವ್ವಾ, ನೀ ಗಸಗಸಿ ತರ್ತಿ ಅಂತ ಹೇಳಿ, ಅದು ಅಂದ್ರ ಏನಂತ ದೊಡ್ಡವ್ವಗ ಕೇಳಿದ್ನಿ, ಆಕಿ ಹೇಳಲೇ ಇಲ್ಲ" ಎಂದಳು.

ಎಂಟು ತಿಂಗಳ ಮೇಲೆ ನಾನೇ ಮೊದಲು ಬಾಯಿ ತೆಗೆದೆ. "ನಿಮಗ ಗೊತ್ತಿತ್ತೇನು?"

"ಏನು?"

"ಗಸಗಸಿ ತಂದ್ರ ಜೈಲು ಅನ್ನೂದು."

"ಅದು ಯಾರಿಗ್ ಗೊತ್ತಿಲ್ಲ ಈ ಊರಾಗ?" ಎಂದಳು. ಆಮೇಲೆ ದನಿ ತಗ್ಗಿಸಿ, "ಎಲ್ಲೈತಿ ಅದು?" ಎಂದಳು.

"ಮೂರು ದಿವಸ ಇತ್ತು ನಿಮಗ. ಅವರ ಸೈಟಿನ ನಂಬರು ಇಲ್ಲೇ ಗ್ವಾಡಿಗೆ ಬರದೈತಿ. ಒಂದು ಫೋನ್ ಮಾಡಲಿಲ್ಲ ನೀವು."

"ನೀ ಮಾತಾಡ್ತಿದ್ದೇನು ನನ್ನ ಜೋಡಿ? ನಾ ಯಾಕ ಮೊದಲ ಮಾತಾಡ್ಲಿ? ಮತ್ತ ಆ ಕೂಸು ಹೇಳಿದ್ದು ಖರೇನೋ ಸುಳ್ಳೋ, ನನಗೇನ್ ಗೊತ್ತು?"

"ಖರೇ ಅಂತ ಗೊತ್ತಿತ್ತು. ಅದಕ್ಕ ಇವತ್ತು ರಜಾ ಹಾಕಿ ಕೂತೀರಿ. ಏನ್ ಆಗ್ತದ ನೋಡೂದಕ್ಕ."

ಆಗ ನಾನು ಹೇಳಿದ್ದು ನನ್ನ ಜೀವನದಲ್ಲಿ ಇನ್ನೊಬ್ಬರಿಗೆ ಹೇಳಿದ ಅತಿ ಉದ್ದದ ಮಾತು. "ನನ್ನ ಹಿಡದಿದ್ರ ಪೊಲೀಸರು ಮೊದಲು ಎಲ್ಲಿಗೆ ಬರ್ತಿದ್ರು? ನನ್ನ ವಿಳಾಸ ಇದ. ಈ ಅಡಿಗಿಮನಿ, ಆ ನಿಮ್ಮ ಕಪಾಟು, ನಿಮ್ಮ ಹಾಸಿಗಿ, ಎಲ್ಲಾ ತಗದು ನೋಡ್ತಿದ್ರು. ಭಾವನವರನ್ನೂ ಕರಕೊಂಡು ಹೋಗ್ತಿದ್ರು. ಬಿ.ಎ. ಓದೀರಿ, ಇಷ್ಟು ಹೊಳೀಲಿಲ್ಲ."

ಅದು ಆಕೆಗೆ ನಿಜವಾಗಿ ಹೊಳೆದಿರಲಿಲ್ಲ. ಸೋಫಾದ ಅಂಚಿಗೆ ಕೂತಳು. "ಎಲ್ಲೈತಿ ಅದು, ಹೇಳು" ಎಂದು ಮತ್ತೆ ಕೇಳಿದಳು. ವಿಮಾನದಲ್ಲೇ ಚೆಲ್ಲಿದೆನೆಂದೆ. ನಂಬಲಿಲ್ಲ. ಎದ್ದು ನನ್ನ ಕೈಯಿಂದ ಚೀಲ ಕಸಿದು ಬಚ್ಚಲಿಗೆ ಒಯ್ದಳು. ನಾನೂ ಹಿಂದೆ ಹೋದೆ, ಆಕೆಯೊಬ್ಬಳ ಕೈಗೆ ಅದನ್ನು ಬಿಡುವ ಧೈರ್ಯ ನನಗಿರಲಿಲ್ಲ. ನಿಮ್ಮವ್ವನನ್ನು ಟಿವಿ ಮುಂದೆ ಕೂರಿಸಿದೆವು.

ಸ್ನಾನದ ತೊಟ್ಟಿಯಲ್ಲಿ ಚೀಲವನ್ನು ಮಗುಚಿದೆವು. ತಳದ ಹೊಲಿಗೆಯಲ್ಲಿ ಸಣ್ಣ ಸಾಲಾಗಿ ಬೀಜ ಕೂತಿದ್ದವು. ಆ ಅಧಿಕಾರಿಣಿಯ ಬೆರಳು ಅದಕ್ಕಿಂತ ಒಂದು ಗೇಣು ಮೇಲೆ ಓಡಾಡಿತ್ತು. ನಾನು ಕತ್ತರಿ ತಂದು ಹೊಲಿಗೆ ಬಿಚ್ಚಿದೆ, ಆಕೆ ಶವರು ಹಿಡಿದಳು. ನಾನು ಸೀರೆ ಬಿಚ್ಚಿಕೊಟ್ಟು ನೈಟಿ ಹಾಕಿಕೊಂಡೆ, ಆಕೆ ಸೀರೆಯ ಅಂಚನ್ನು ಮೊಳಮೊಳವಾಗಿ ಕನ್ನಡಕದ ಹತ್ತಿರ ಹಿಡಿದು ನೋಡಿದಳು. ಸಿಕ್ಕ ಒಂದೊಂದು ಬೀಜವನ್ನೂ ಉಗುರಿನ ಮೇಲೆ ನನಗೆ ತೋರಿಸಿ ಆಮೇಲೆ ನೀರಿಗೆ ಬಿಡುತ್ತಿದ್ದಳು. ನಾನು ನನಗೆ ಸಿಕ್ಕದ್ದನ್ನು ಆಕೆಗೆ ತೋರಿಸುತ್ತಿದ್ದೆ. ಇಬ್ಬರಿಗೂ ಇನ್ನೊಬ್ಬರ ಮೇಲೆ ನಂಬಿಕೆಯಿರಲಿಲ್ಲ, ಅದಕ್ಕೇ ಆ ಕೆಲಸ ಅಷ್ಟು ಚೊಕ್ಕಟವಾಗಿ ಆಯಿತು. ಎರಡು ಗಂಟೆ ಮೊಣಕಾಲೂರಿ ಕೂತಿದ್ದೆವು.

ನಿಮಗೆ ನಾನು ಹೇಳುವುದು ಇಷ್ಟು. ಆ ದೇಶದಲ್ಲಿ ಬಿದ್ದರೆ ಎದ್ದು ನಡೆಯಬಹುದು, ಮೀನು ಬಂದರೆ ತಟ್ಟೆ ಸರಿಸಬಹುದು. ಮರಳುವಾಗ ಅಲ್ಲಿಯ ಬೇಕರಿಯದೇನನ್ನೂ, ಬೀಜ ಉದುರಿಸಿದ ಬನ್ನನ್ನೂ ತರಬೇಡಿ. ಅಲ್ಲಿ ಅದು ಬೀದಿಯ ತಿನಿಸು, ಎಲ್ಲರ ಕೈಯಲ್ಲೂ ಇರುತ್ತದೆ. ಹೊರಡುವ ಮುನ್ನ ಅಂಗಿಯ ಕಿಸೆ, ಚೀಲದ ತಳ ಕೊಡವಿ ನೋಡಿ. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆಯಾದರೆ, ಚೀಟಿಯಲ್ಲಾದರೂ ಬರೆದು ಕೇಳಿ.

ಕೆಲಸ ಮುಗಿದ ಮೇಲೆ ಆಕೆ ಒದ್ದೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಎಂಟು ತಿಂಗಳಲ್ಲಿ ಆಕೆ ಒಲೆ ಹಚ್ಚಿದ್ದನ್ನು ನಾನು ನೋಡಿರಲಿಲ್ಲ.

"ಚಹಾ ಇಡ್ಲೇನು?" ಎಂದಳು.

"ಬ್ಯಾಡ" ಎಂದೆ.

ಅಜ್ಜ ಬಂದ ಮೇಲೆ ನಾವು ಅಬುಧಾಬಿಯ ಬನಿಯಾಸಿಗೆ ಮನೆ ಬದಲಿಸಿದೆವು. ನಿಮ್ಮಜ್ಜ ತೀರಿದಾಗ ಆಕೆ ಬಂದು ನನ್ನ ಪಕ್ಕ ಕೂತು ಅತ್ತಳು, ನಾನು ಸುಮ್ಮನೆ ಇದ್ದೆ. ನೀವು ಆಕೆಯನ್ನು ಪ್ರೀತಿಯಿಂದ ದೊಡ್ಡಜ್ಜಿ ಅನ್ನುತ್ತೀರಿ, ಅನ್ನಿ. ಆಕೆ ನಿಮಗೆ ಕೆಟ್ಟದ್ದು ಮಾಡಿಲ್ಲ. ಆ ಚಹಾಕ್ಕೆ ಬೇಡವೆಂದದ್ದಕ್ಕೆ ಮಾತ್ರ ನನಗೆ ಇವತ್ತಿನವರೆಗೂ ಪಶ್ಚಾತ್ತಾಪವಿಲ್ಲ.